ಗೊತ್ತಿಲ್ಲದವರ ಕೈ

ಬಕೆಟ್ಟಿಗೆ ಎಷ್ಟು ನೀರು ಹಾಕಬೇಕೆಂಬುದೊಂದು ಪಾಠದ ಟಿಪ್ಪಣಿಯಲ್ಲಿರಲಿಲ್ಲ. ಉಳಿದದ್ದೆಲ್ಲ ಇತ್ತು. ಸ್ಪ್ರಿಂಗ್ ತಕ್ಕಡಿ ಒಂದು, ಅರ್ಧ ಕಿಲೋ ತೂಗುವ ಕಲ್ಲು ಒಂದು, ದಾರ, ಚಾರ್ಟು, ಪೀಠಿಕೆಗೆ ನಾಲ್ಕು ಪ್ರಶ್ನೆ, ನಾಲ್ಕನೆಯದಕ್ಕೆ ಮಕ್ಕಳಿಂದ ಬರಬೇಕಾದ ಉತ್ತರ, ಉತ್ತರ ಬಂದ ಮೇಲೆ ಟೀಚರು ಮುಗುಳ್ನಗುವುದು. ಮುಗುಳ್ನಗೆಯನ್ನೂ ಹೈಮಾವತಿ ಬರೆದಿದ್ದಳು. ಬಿ.ಇಡಿ. ಕಾಲೇಜಿನ ಜಗನ್ನಾಥಂ ಮೇಷ್ಟ್ರು ಅದರ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿ ಸಹಿ ಮಾಡಿದ್ದರು. ನೀರಿನ ವಿಷಯ ಮಾತ್ರ ಇಬ್ಬರಿಗೂ ಹೊಳೆದಿರಲಿಲ್ಲ. ಈಗ ಶಾಲೆಯ ಹಿಂಬದಿಯ ನಲ್ಲಿಯ ಕೆಳಗೆ ಬಕೆಟ್ಟು ತುಂಬುತ್ತಿದ್ದರೆ ಅವಳು ಅದನ್ನೇ ನೋಡುತ್ತ, ಅರ್ಧ ಸಾಕೇ, ಮುಕ್ಕಾಲು ಬೇಕೇ, ಅರ್ಧವಿದ್ದರೆ ಹಿಂದಿನ ಬೆಂಚಿನವರಿಗೆ ಕಾಣುವುದಿಲ್ಲ, ಮುಕ್ಕಾಲಾದರೆ ಹೊರುವಾಗ ತುಳುಕಿ ಕಾಲೇಜಿನ ಸೀರೆ ಒದ್ದೆಯಾಗುತ್ತದೆ, ಒದ್ದೆ ಸೀರೆಯಲ್ಲಿ ಪರೀಕ್ಷಕರ ಮುಂದೆ ನಿಂತರೆ ಉಡುಪಿನ ಕಾಲಮ್ಮಿನಲ್ಲಿ ಎಷ್ಟು ಅಂಕ ಕಳೆಯಬಹುದು ಎಂದು ಯೋಚಿಸುತ್ತಿದ್ದಳು. ಡಿಗ್ರಿಯಲ್ಲಿ ಭೌತಶಾಸ್ತ್ರಕ್ಕೂ ಗಣಿತಕ್ಕೂ ಮೊದಲ ದರ್ಜೆ ಪಡೆದ ತಲೆ ಇಷ್ಟು ಸಣ್ಣ ಚಿಂತೆಗೆ ಇಳಿದದ್ದಕ್ಕೆ ಅವಳಿಗೇ ನಾಚಿಕೆಯಾಯಿತು. ನಾಚಿಕೆಯಾದರೂ ಚಿಂತೆ ನಿಲ್ಲಲಿಲ್ಲ.

ಗಣಿತದ ಪಾಠ ಎರಡನೆಯ ಪೀರಿಯಡ್ಡಿನಲ್ಲಿ ಚೆನ್ನಾಗಿಯೇ ಮುಗಿದಿತ್ತು. ಇನ್ನು ಇದೊಂದು ನಲವತ್ತು ನಿಮಿಷ. ಇದು ದಾಟಿದರೆ ಅವಳು ಬಿ.ಇಡಿ. ಮುಗಿಸಿದ ಟೀಚರು, ದಾಟದಿದ್ದರೆ ಗೌರೀಶ್ವರಿ. ಹೋದ ವರ್ಷದ ಬ್ಯಾಚಿನ ಗೌರೀಶ್ವರಿ ಇದೇ ಶಾಲೆಯಲ್ಲಿ ಬೆಳಕಿನ ವಕ್ರೀಭವನದ ಪಾಠಕ್ಕೆ ನಿಂತಾಗ, ಪೀಠಿಕೆಯ ಮೊದಲ ಪ್ರಶ್ನೆ ಮುಗಿಯುವ ಮುಂಚೆಯೇ ಮುಂದಿನ ಬೆಂಚಿನ ಜಾಣನೊಬ್ಬ ಎದ್ದು ‘ವಕ್ರೀಭವನ, ಟೀಚರ್!’ ಎಂದುಬಿಟ್ಟಿದ್ದ. ಹಿಂದೆಯೇ ಹೇಳಿ ಮುಗಿಸಿದ ಪಾಠವನ್ನು ಹೊಸದೆಂಬಂತೆ ಆಡಿಸುತ್ತಿದ್ದಾಳೆ ಎಂದು ಹೊರಗಿನಿಂದ ಬಂದ ಪರೀಕ್ಷಕರಿಗೆ ತಿಳಿದುಹೋಯಿತು. ಅವರು ರೆಕಾರ್ಡು ಮುಚ್ಚಿ ಎದ್ದು ಹೋದರು. ಮರುವರ್ಷ ಮತ್ತೆ ಪರೀಕ್ಷೆ ಕಟ್ಟುವ ಮನಸ್ಸು ಗೌರೀಶ್ವರಿಗೆ ಬರಲಿಲ್ಲ. ಈಗ ವಿಜಯನಗರಂನ ಬಟ್ಟೆಯಂಗಡಿಯೊಂದರಲ್ಲಿ ಸೀರೆ ಬಿಚ್ಚಿ ತೋರಿಸುತ್ತಾಳೆ. ದಸರೆಗೆ ಸೀರೆ ಕೊಳ್ಳಲು ಹೋದ ಹೈಮಾವತಿಗೆ ಅವಳೇ ಸಿಕ್ಕಿ, ‘ಎಲ್ಲಾರೂ ಮೊದ್ಲೇ ಹೇಳ್ಕೊಟ್ಟೇ ನಿಲ್ತಾರೆ ಕಣೆ. ಸಿಕ್ಕಿಬಿದ್ದೋಳು ಮಾತ್ರ ನಾನು’ ಎಂದು ನಗುತ್ತ ಹೇಳಿ, ಮಡಿಕೆ ಬಿಚ್ಚಿದ ಹನ್ನೆರಡು ಸೀರೆಗಳನ್ನು ಒಂದೊಂದಾಗಿ ಮಡಿಸತೊಡಗಿದ್ದಳು. ಹೈಮಾವತಿ ಏನೂ ಕೊಳ್ಳದೆ ಬಂದಿದ್ದಳು. ಕೊಳ್ಳದೆ ಬಂದದ್ದು ಸರಿಯಲ್ಲವೆಂದು ಬಸ್ಸಿನಲ್ಲಿ ಅನ್ನಿಸಿ, ಈಗಲೂ ನಲ್ಲಿ ನಿಲ್ಲಿಸುವಾಗ ಅದು ನೆನಪಾಯಿತು.

ಎಲ್ಲರೂ ಹೇಳಿಕೊಟ್ಟೇ ನಿಲ್ಲುತ್ತಾರೆ ಎಂಬುದು ನಿಜ. ಒಂಬತ್ತನೆಯ ತರಗತಿಯ ಬಿ ವಿಭಾಗಕ್ಕೆ ಅವಳು ಇದೇ ಕಲ್ಲನ್ನು ಇದೇ ನೀರಿನಲ್ಲಿ ಮೂರು ಸಲ ಮುಳುಗಿಸಿ ತೋರಿಸಿಯಾಗಿತ್ತು. ಮೊದಲ ಸಲ ಮಕ್ಕಳ ಕಣ್ಣು ಅರಳಿದ್ದವು. ಮೂರನೆಯ ಸಲ ‘ಅರಳಿಸ್ಬೇಕಾ ಟೀಚರ್?’ ಎಂದು ಅವರೇ ಕೇಳಿದರು. ಇನ್ನು ಕೈಯ ವಿಷಯ. ಅದನ್ನು ಜಗನ್ನಾಥಂ ಮೇಷ್ಟ್ರು ಕಾಲೇಜಿನ ಮೆಟ್ಟಿಲ ಮೇಲೆ ನಿಂತು, ಹಲ್ಲಿನ ಸಂದಿಯಲ್ಲಿದ್ದ ಅಡಿಕೆಚೂರನ್ನು ನಾಲಗೆಯಿಂದ ಕೆದಕುತ್ತ ಹೇಳಿಕೊಟ್ಟಿದ್ದರು.

‘ನೋಡಮ್ಮಾ ಹೈಮಾವತಿ, ಪರೀಕ್ಷಕರು ನೋಡೋದು ಪಾಠಾನಲ್ಲ, ಕೈನ. ನಲವತ್ತು ಮಕ್ಕಳಿದ್ರೆ ನಲವತ್ತು ಕೈಯೂ ಮೇಲೇಳ್ಬೇಕು. ಗೊತ್ತಿದ್ದೋರು ಬಲಗೈ, ಗೊತ್ತಿಲ್ದೋರು ಎಡಗೈ. ನೀನು ಬಲಗೈಯೋರನ್ನ ಮಾತ್ರ ಏಳ್ಸು. ಬೋಧನಾಶಾಸ್ತ್ರ ಅಂದ್ರೆ ಅಷ್ಟೇ. ಮಿಕ್ಕಿದ್ದು ಪುಸ್ತಕದಲ್ಲಿದೆ.’

‘ಅದು ಮೋಸ ಆಗಲ್ವಾ ಸರ್?’

‘ಮೋಸ ಏನ್ಬಂತು? ಗೊತ್ತಿಲ್ದಿರೋ ಮಗೂಗೂ ಕೈಯೆತ್ತೋಕೆ ಅವಕಾಶ ಕೊಡ್ತಿದೀವಲ್ಲ!’ ಎಂದು ಅವರು ನಕ್ಕಿದ್ದರು. ಅವಳೂ ನಕ್ಕಿದ್ದಳು. ನಕ್ಕದ್ದು ತಪ್ಪಾಯಿತು ಎಂದು ಈಗ ಅನ್ನಿಸುತ್ತದೆ. ಎರಡನೆಯ ತಾಲೀಮಿನಲ್ಲಿ ಅವಳಿಗೆ ಎಡಬಲ ಅದಲುಬದಲಾಯಿತು. ಎದುರಿಗೆ ನಿಂತವರ ಬಲಗೈ ತನ್ನ ಎಡಕ್ಕಿರುತ್ತದೆ ಎಂಬುದನ್ನು ಮರೆತು ಕಿಟಕಿ ಪಕ್ಕದ ಹುಡುಗನನ್ನು ಏಳಿಸಿದಳು. ಅವನು ಎದ್ದು ಗೋಳಿಡುವ ದನಿಯಲ್ಲಿ, ‘ನಾನೆತ್ತಿದ್ದು ಎಡಗೈ ಅಲ್ವಾ ಟೀಚರ್! ನನ್ನೇ ಯಾಕೆ ಕೇಳ್ತೀರ?’ ಎಂದ. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಅಂದಿನಿಂದ ಅವಳು ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ಕೈಯೆತ್ತಿ ಅಭ್ಯಾಸ ಮಾಡಿದ್ದಳು. ಅಮ್ಮ ಒಲೆಯ ಮುಂದಿನಿಂದ ಇಣುಕಿ, ‘ಯಾರಿಗೆ ಶರಣಾಗ್ತಿದೀಯೆ?’ ಎಂದು ಕೇಳಿದ್ದಳು.

ಅದೇ ತರಗತಿಯ ನೂಕರತ್ನಂ ಮಾತ್ರ ನಗುವವರ ಜೊತೆ ನಗುವವಳಲ್ಲ. ಈ ಹುಡುಗಿಯನ್ನು ಹೈಮಾವತಿ ಶಾಲೆಗಿಂತ ಮೊದಲೇ ಬಲ್ಲಳು. ಬಿ.ಇಡಿ.ಯವರು ನಲವತ್ತು ಗಂಟೆ ಸಮಾಜಸೇವೆ ಮಾಡಬೇಕೆಂಬ ನಿಯಮವಿದೆ; ಮಿಕ್ಕವರು ರಕ್ತದಾನದ ಶಿಬಿರದಲ್ಲಿ ಬಿಸ್ಕತ್ತು ಹಂಚಿ, ಗಿಡ ನೆಟ್ಟು, ಫೋಟೋ ಅಂಟಿಸಿ ಮುಗಿಸಿದರೆ, ಇವಳು ಪೇಟೆಯೆಂದು ಕರೆಯುವ ಬೆಸ್ತರ ಕೇರಿಯ ತುಫಾನು ಆಶ್ರಯದ ಕಟ್ಟಡದಲ್ಲಿ ಸಂಜೆ ಐದೂವರೆಯಿಂದ ಏಳರವರೆಗೆ ಗಣಿತ, ಭೌತಶಾಸ್ತ್ರ ಹೇಳಿಕೊಡಲು ಹೋದಳು. ತುಫಾನು ಬಂದಾಗ ಇಡೀ ಪೇಟೆಯೇ ಬಂದು ಮಲಗುವ, ಉಳಿದ ದಿನ ಬಲೆ ಒಣಗುವ ಆ ಹಾಲಿನಲ್ಲಿ ಹದಿನೆಂಟು ಮಕ್ಕಳು. ನಲವತ್ತು ಗಂಟೆ ದಸರೆಗೆ ಮುನ್ನವೇ ಮುಗಿದಿತ್ತು. ಆಮೇಲೂ ಅವಳು ಹೋಗುತ್ತಿದ್ದಳು, ಯಾರೂ ಕೇಳದೆ, ಯಾವ ಸರ್ಟಿಫಿಕೇಟಿಗೂ ಅಲ್ಲದೆ. ಹೀಗೆ ಹೋಗುವುದರ ಬಗ್ಗೆ ಅವಳಿಗೆ ಒಳಗೊಳಗೇ ಜಂಬವಿತ್ತು. ಬಸ್ಸಿನಲ್ಲಿ ಯಾರಾದರೂ ಎಲ್ಲಿಗಮ್ಮಾ ಎಂದರೆ ‘ಪೇಟೆಯ ಮಕ್ಕಳಿಗೆ ಪಾಠ’ ಎನ್ನುವಾಗ ದನಿ ತಾನಾಗಿಯೇ ತಗ್ಗುತ್ತಿತ್ತು. ಆ ತಗ್ಗುವಿಕೆಯಲ್ಲಿಯೇ ಜಂಬವಿದೆಯೆಂದು ಅವಳಿಗೆ ಗೊತ್ತಿತ್ತು. ಅಲ್ಲಿ ಅವಳ ನಿಯಮ ಒಂದೇ. ಅರ್ಥವಾಗದಿದ್ದರೆ ಆಗಲಿಲ್ಲ ಎಂದು ಗಟ್ಟಿಯಾಗಿ ಹೇಳಬೇಕು. ನಾಚಿಕೊಂಡು ತಲೆಯಾಡಿಸುವವರನ್ನು ಅವಳು ಬೈಯುತ್ತಿದ್ದಳು. ಮೀನು ಮಾರುವ ಎರ್ರಮ್ಮನ ಮಗಳು ನೂಕರತ್ನಂ ಮೊದಲ ಎರಡು ತಿಂಗಳು ಬಾಯೇ ಬಿಡಲಿಲ್ಲ. ಮೂರನೆಯ ತಿಂಗಳು ಒಂದು ದಿನ, ಋಣ ಸಂಖ್ಯೆಯನ್ನು ಋಣ ಸಂಖ್ಯೆಯಿಂದ ಗುಣಿಸುವಾಗ, ‘ನಂಗೆ ಅರ್ಥ ಆಗ್ಲಿಲ್ಲ ಟೀಚರ್. ನಿಮ್ಗೆ ಆಗಿದೆಯಾ?’ ಎಂದಳು. ಅಂದು ಹೈಮಾವತಿಗೆ ಆದ ಸಂತೋಷ ಮತ್ತೆಂದೂ ಆಗಿಲ್ಲ. ಅಂದೇ ಅವಳಿಗೆ ತಾನು ಟೀಚರಾಗಲೇಬೇಕು ಎಂದು ಅನ್ನಿಸಿದ್ದು.

ಬಕೆಟ್ಟು ಮುಕ್ಕಾಲು ತುಂಬಿತು. ಹೊತ್ತುಕೊಂಡು ವರಾಂಡ ದಾಟುವಾಗ ಬಲಗಾಲಿನ ಮೇಲೆ ನೀರು ಬಿತ್ತು.

ಆ ಸಂತೋಷ ಕೊಟ್ಟವಳೇ ಮೊನ್ನೆಯ ಮೂರನೆಯ ತಾಲೀಮಿನಲ್ಲಿ ಎದ್ದು ನಿಂತಳು. ಬಾಗಿಲಲ್ಲಿ ಮೇಷ್ಟ್ರು ಕೈಗಡಿಯಾರ ನೋಡುತ್ತಿದ್ದರು. ಹೊರಗೆ ಅರ್ಧ ಕಿಲೋ ತೂಗಿದ ಕಲ್ಲು ನೀರಿನಲ್ಲಿ ಮುನ್ನೂರು ಗ್ರಾಂ ತೂಗುತ್ತಿತ್ತು. ‘ಟೀಚರ್, ಇನ್ನೂರು ಗ್ರಾಂ ಎಲ್ಲಿಗೆ ಹೋಯ್ತು? ಬಕೆಟ್ಟಿಗೆ ಹೋಯ್ತಾ? ಹಾಗಾದ್ರೆ ಬಕೆಟ್ಟು ತೂಗಿದ್ರೆ ಜಾಸ್ತಿ ಬರ್ಬೇಕಲ್ವಾ?’ ಟಿಪ್ಪಣಿಯಲ್ಲಿ ಈ ಪ್ರಶ್ನೆ ಇರಲಿಲ್ಲ. ಮೇಷ್ಟ್ರು ಎರಡು ಬೆರಳು ತೋರಿಸಿದರು, ಎರಡೇ ನಿಮಿಷ ಉಳಿದಿದೆ ಎಂದು. ಹೈಮಾವತಿಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ನಾಲಗೆ ಏಳಲಿಲ್ಲ. ಆಗ ಬಂದದ್ದು ಸಿಟ್ಟು. ‘ಕಲ್ಲು ತಳ ಮುಟ್ಟಿಲ್ಲವಲ್ಲ, ಬಕೆಟ್ಟಿನ ತೂಕ ಹೇಗೆ ಹೆಚ್ಚುತ್ತದೆ? ಸ್ವಲ್ಪ ಯೋಚ್ನೆ ಮಾಡಿ ಕೇಳ್ಬೇಕು. ಕೂತ್ಕೋ’ ಎಂದಳು. ಮಕ್ಕಳು ನಕ್ಕರು. ನೂಕರತ್ನಂ ಕೂತಳು. ಅಂದು ಸಂಜೆ ಭೀಮಿಲಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿದಾಗ ಹೈಮಾವತಿಗೆ ಎಲ್ಲವೂ ಸಲೀಸಾಗಿ ಹೊಳೆಯಿತು. ನೀರು ಕಲ್ಲನ್ನು ಮೇಲಕ್ಕೆ ತಳ್ಳಿದರೆ ಕಲ್ಲು ನೀರನ್ನು ಕೆಳಕ್ಕೆ ತಳ್ಳಲೇಬೇಕು. ಹೆಚ್ಚುತ್ತದೆ. ಸರಿಯಾಗಿ ಇನ್ನೂರು ಗ್ರಾಂ ಹೆಚ್ಚುತ್ತದೆ. ಹದಿನಾಲ್ಕು ವರ್ಷದ ಹುಡುಗಿ ನೆಟ್ಟಗೆ ಕಂಡದ್ದನ್ನು ತಾನು ಕಾಣದೆ, ಅವಳನ್ನೇ ನಗೆಪಾಟಲು ಮಾಡಿದೆ. ಮುಂದಿನ ಸ್ಟಾಪಿನಲ್ಲಿಯೇ ಇಳಿದು ವಾಪಸು ಹೋಗಬೇಕೆನ್ನಿಸಿತು, ಹೋಗಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡಳು. ನಾಳೆ ಬಂದಾಗ, ಪ್ರಾಕ್ಟಿಕಲ್ಲಿನ ಹಿಂದಿನ ದಿನ ಮಕ್ಕಳ ತಲೆ ಕೆಡಿಸಬಾರದು, ಮುಗಿದ ಮೇಲೆ ಹೇಳಿದರಾಯಿತು ಎಂದುಕೊಂಡಳು.

ನಿನ್ನೆ ಸಂಜೆ ಆಶ್ರಯದ ಹಾಲಿನಲ್ಲಿ ಎಲ್ಲರೂ ಹೋದ ಮೇಲೆ ನೂಕರತ್ನಂ ಚಾಪೆ ಸುತ್ತುತ್ತ ಹಿಂದೆ ಉಳಿದಿದ್ದಳು.

‘ಟೀಚರ್, ಅಮ್ಮನ ತಕ್ಕಡೀಲಿ ನೋಡ್ದೆ. ಒಂದು ತಟ್ಟೇಲಿ ನೀರಿನ ಚೊಂಬಿಟ್ಟು, ಇನ್ನೊಂದ್ರಲ್ಲಿ ಬಟ್ಟು ಹಾಕಿ ಸಮ ಮಾಡ್ದೆ. ಆಮೇಲೆ ಕಲ್ಲಿಗೆ ದಾರ ಕಟ್ಟಿ ನೀರಿಗೆ ಬಿಟ್ಟೆ. ಚೊಂಬು ಕೆಳಗೋಯ್ತು ಟೀಚರ್. ಮೂರು ಸಲಾನೂ ಹೋಯ್ತು.’

‘ಹ್ಞೂಂ.’

‘ಕಲ್ಲು ತಳ ಮುಟ್ಟಿರ್ಲಿಲ್ಲ. ಅಮ್ಮನೂ ನೋಡಿದ್ಲು, ಬೇಕಾದ್ರೆ ಕೇಳಿ.’

‘ಗೊತ್ತು ನೂಕಾ. ನಾಳೆದು ಮುಗೀಲಿ, ಆಮೇಲೆ ಎಲ್ಲಾರ್ಗೂ ಹೇಳೋಣ.’

ಹುಡುಗಿ ಹುಬ್ಬು ಗಂಟಿಕ್ಕಿ ಚಾಪೆ ಸುತ್ತಿ ಮುಗಿಸಿದಳು. ಅವಳ ಆ ಹುಬ್ಬುಗಂಟನ್ನು ಹೈಮಾವತಿ ಬಲ್ಲಳು. ಅದರ ಹಿಂದೆಯೇ ಪ್ರಶ್ನೆಯೊಂದು ಬರುತ್ತದೆ. ನಾಳೆ ಪರೀಕ್ಷಕರ ಮುಂದೆ ಇವಳು ಹೀಗೇ ಎದ್ದು ನಿಂತು, ‘ಮೊನ್ನೆ ನೀವು ಹೆಚ್ಚಲ್ಲ ಅಂದಿದ್ರಿ’ ಎಂದರೆ? ಮೊನ್ನೆ ಎಂಬ ಒಂದು ಮಾತು ಸಾಕು. ಬಟ್ಟೆಯಂಗಡಿಯ ಹನ್ನೆರಡು ಸೀರೆ ಕಣ್ಣ ಮುಂದೆ ಬಂದವು.

‘ನೂಕಾ, ನಾಳೆ ನೀನು ಎಡಗೈಯೇ ಎತ್ತು.’

‘ಎಲ್ಲಾ ಪ್ರಶ್ನೆಗೂನಾ?’

‘ಎಲ್ಲಾದಕ್ಕೂ.’

‘ಗೊತ್ತಿದ್ರೂನಾ ಟೀಚರ್?’

‘ಗೊತ್ತಿದ್ರೂ.’

ಹುಡುಗಿ ಚಾಪೆಯನ್ನು ಗೋಡೆಗೆ ಒರಗಿಸಿ, ‘ಸರಿ ಟೀಚರ್’ ಎಂದಳು. ಬಿಸ್ಕತ್ತು ಹಂಚಿ ಫೋಟೋ ತೆಗೆಸಿಕೊಂಡವರ ಬಗ್ಗೆ ತಾನು ಎಷ್ಟು ಹಗುರವಾಗಿ ಮಾತಾಡಿದ್ದೆ ಎಂದು ಹೈಮಾವತಿಗೆ ಆಗ ಯಾಕೋ ನೆನಪಾಗಿತ್ತು.

ಪರೀಕ್ಷಕರು ಗೋದಾವರಿ ಕಡೆಯವರು. ನಿವೃತ್ತಿಗೆ ಹತ್ತಿರವಾದ, ಹೆಗಲ ಮೇಲೆ ಬಿಳಿ ಟವೆಲು ಹಾಕಿಕೊಂಡ, ನೋಡಿದರೆ ಪ್ರೀತಿ ಹುಟ್ಟುವಂಥ ಮನುಷ್ಯ. ಹಿಂದಿನ ಬೆಂಚಿನಲ್ಲಿ ಮಕ್ಕಳ ಪಕ್ಕ ಮೊಣಕಾಲು ಮಡಿಸಲಾಗದೆ ಓರೆಯಾಗಿ ಕೂತು, ಅವಳು ಒಳಗೆ ಬಂದಾಗ ಶುರುಮಾಡಮ್ಮಾ ಎಂಬಂತೆ ತಲೆಯಾಡಿಸಿದರು. ಕ್ರೂರವಾಗಿದ್ದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿತು. ಪೀಠಿಕೆಯ ನಾಲ್ಕು ಪ್ರಶ್ನೆಗಳೂ ನೀರಿನಂತೆ ಹರಿದವು. ಬಾವಿಯಿಂದ ಕೊಡ ಸೇದುವಾಗ ನೀರಿನೊಳಗಿದ್ದಷ್ಟು ಹೊತ್ತು ಹಗುರ, ಹೊರಗೆ ಬಂದ ಮೇಲೆ ಭಾರ, ಯಾಕೆ? ನಲವತ್ತು ಕೈಗಳು ಸರ್ರನೆ ಎದ್ದವು. ನನ್ನ ಎಡಕ್ಕಿರುವುದು ಅವರ ಬಲ. ಅವಳು ಸರಿಯಾದವರನ್ನೇ ಏಳಿಸಿದಳು, ಸರಿಯಾದ ಉತ್ತರವೇ ಬಂತು, ಬರೆದುಕೊಂಡಿದ್ದ ಜಾಗದಲ್ಲಿ ಮುಗುಳ್ನಕ್ಕಳು. ಮೂರನೆಯ ಸಾಲಿನಲ್ಲಿ ನೂಕರತ್ನಂಳ ಎಡಗೈ ಪ್ರತಿ ಸಲವೂ ಎಲ್ಲರಿಗಿಂತ ನೆಟ್ಟಗೆ ಏಳುತ್ತಿತ್ತು. ಕಲ್ಲು ಮುಳುಗಿತು, ತಕ್ಕಡಿಯ ಮುಳ್ಳು ಐನೂರರಿಂದ ಮುನ್ನೂರಕ್ಕೆ ಇಳಿಯಿತು, ಮಕ್ಕಳು ಹೇಳಿಕೊಟ್ಟಂತೆ ಕಣ್ಣರಳಿಸಿ ‘ಓ’ ಎಂದರು. ಬೆನ್ನಿನಲ್ಲಿ ಬೆವರು ಇಳಿಯುತ್ತಿರುವಾಗಲೂ ಅವಳಿಗೆ ಒಂದು ಬಗೆಯ ಹೆಮ್ಮೆಯಾಗುತ್ತಿತ್ತು. ಎಷ್ಟು ಚೆನ್ನಾಗಿ ಪಳಗಿಸಿದ್ದೇನೆ ಎಂದುಕೊಂಡಳು.

ಹತ್ತು ನಿಮಿಷ ಉಳಿದಿದೆ ಎನ್ನುವಾಗ ಪರೀಕ್ಷಕರು ಎದ್ದು ಮುಂದೆ ಬಂದರು. ಟವೆಲಿನಿಂದ ಕತ್ತು ಒರೆಸಿಕೊಂಡರು.

‘ಏನ್ರಪ್ಪಾ, ಏನ್ರಮ್ಮಾ, ಟೀಚರ್ ಚೆನ್ನಾಗಿ ಹೇಳಿದ್ರಲ್ವಾ? ಈಗ ನಂದೊಂದು ಪ್ರಶ್ನೆ. ಈ ಬಕೆಟ್ಟನ್ನ ಹೀಗೇ ಎತ್ತಿ ದೊಡ್ಡ ತಕ್ಕಡಿ ಮೇಲೆ ಇಟ್ಟಿದೀವಿ ಅಂದ್ಕೊಳ್ಳಿ. ಮೇಲಿಂದ ಕಲ್ಲು ಇಳಿಬಿಟ್ವಿ. ತಳ ಮುಟ್ಬಾರ್ದು, ನೀರು ಚೆಲ್ಬಾರ್ದು. ಬಕೆಟ್ಟಿನ ತೂಕ ಏನಾಗ್ತದೆ?’

ಹೈಮಾವತಿಯ ಕೈಯಲ್ಲಿದ್ದ ಸೀಮೆಸುಣ್ಣ ಎರಡಾಯಿತು. ಮಕ್ಕಳಿಗೆ ಮಾತ್ರ ಖುಷಿ. ಇದು ಅವರಿಗೆ ಗೊತ್ತಿರುವ ಪ್ರಶ್ನೆ. ಕೇಳಿ ನಕ್ಕಿದ್ದ ಪ್ರಶ್ನೆ. ಬಲಗೈಗಳು ಇಂದು ಬೇರೆ ಯಾವ ಪ್ರಶ್ನೆಗೂ ಎದ್ದಿರದಷ್ಟು ಎದ್ದವು. ಪರೀಕ್ಷಕರು ಕಿಟಕಿ ಪಕ್ಕದ ಹುಡುಗನ ಕಡೆ ಬೆರಳು ಮಾಡಿದರು. ಅವನು ಎದೆಯುಬ್ಬಿಸಿ, ಅವಳದೇ ಮಾತಿನಲ್ಲಿ, ಅವಳದೇ ರಾಗದಲ್ಲಿ, ‘ಏನೂ ಆಗಲ್ಲ ಸಾರ್. ಕಲ್ಲು ತಳ ಮುಟ್ಟಿಲ್ಲವಲ್ಲ, ಬಕೆಟ್ಟಿನ ತೂಕ ಹೇಗೆ ಹೆಚ್ಚುತ್ತದೆ?’ ಎಂದ.

‘ಎಲ್ಲಾರ್ದೂ ಇದೇನಾ?’

‘ಹೌದು ಸಾರ್!’

ಪರೀಕ್ಷಕರು ನಗುತ್ತ ತಲೆಯಲ್ಲಾಡಿಸಿದರು. ‘ಎಲ್ಲಾರೂ ಕೆಳಗಿಳಿಸಿದ್ರೂ ಅಲ್ಲೊಂದು ಕೈ ಇನ್ನೂ ಮೇಲಿದೆ. ಏಳಮ್ಮಾ. ನಿನ್ನ ಹೆಸ್ರೇನು?’

‘ನೂಕರತ್ನಂ ಸಾರ್.’

‘ನೀನು ಹೇಳಮ್ಮಾ, ನೂಕರತ್ನಂ.’

ಅವಳು ಪರೀಕ್ಷಕರನ್ನು ನೋಡಲಿಲ್ಲ. ಹೈಮಾವತಿಯನ್ನು ನೋಡಿದಳು. ಹೇಳಲೇ ಎಂದು ಕೇಳುವ ನೋಟ, ಅಷ್ಟೇ. ಗದ್ದ ಅರ್ಧ ಬೆರಳು ಕೆಳಗಿಳಿದರೆ ಸಾಕಿತ್ತು. ರೆಪ್ಪೆ ಮುಚ್ಚಿ ತೆಗೆದರೂ ಸಾಕಿತ್ತು. ಆಗ ಹುಡುಗಿ ಹೇಳಿಬಿಡುತ್ತಿದ್ದಳು: ತಕ್ಕಡಿ, ಚೊಂಬು, ಮೂರು ಸಲ. ಆಮೇಲೆ ಪರೀಕ್ಷಕರು, ಇದನ್ನ ಯಾವಾಗಮ್ಮಾ ಮಾಡಿದೆ, ಪಾಠ ಇವತ್ತು ತಾನೇ ಹೇಳಿದ್ದು ಎಂದು ಕೇಳುತ್ತಿದ್ದರು. ಹೈಮಾವತಿ ಬಕೆಟ್ಟಿನ ನೀರನ್ನು ನೋಡಿದಳು. ನೀರಿನಲ್ಲಿ ಟ್ಯೂಬ್‌ಲೈಟು ಅಲ್ಲಾಡುತ್ತಿತ್ತು. ಅದು ನಿಲ್ಲುವವರೆಗೂ ಅವಳು ತಲೆಯೆತ್ತಲಿಲ್ಲ.

‘ಗೊತ್ತಿಲ್ಲ ಸಾರ್’ ಎಂದಳು ನೂಕರತ್ನಂ.

‘ಗೊತ್ತಿಲ್ದೆ ಮತ್ಯಾಕಮ್ಮಾ ಕೈಯೆತ್ತಿದ್ದೆ?’

ಈ ಪ್ರಶ್ನೆಗೆ ನಲವತ್ತು ಮಕ್ಕಳಿಗೂ ಉತ್ತರ ಗೊತ್ತಿತ್ತು, ಹೇಳುವಂತಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಜಗನ್ನಾಥಂ ಮೇಷ್ಟ್ರು ಕೆಮ್ಮಿದರು.

‘ತಪ್ಪಾಯ್ತು ಸಾರ್.’

‘ಹೊರಗಿನವ್ರು ಬಂದಿದಾರೆ, ಜಾಣೆ ಥರ ಕಾಣ್ಬೇಕು ಅಂತಾನಾ? ನಮ್ಮ ಕಾಲದಲ್ಲಿ ಗೊತ್ತಿಲ್ದೋರು ತಲೆ ತಗ್ಗಿಸ್ಕೊಂಡು ಕೂರ್ತಿದ್ರು, ಅಷ್ಟಾದ್ರೂ ಮರ್ಯಾದೆ ಇತ್ತು. ನಿಂತಿರು ಸ್ವಲ್ಪ ಹೊತ್ತು.’ ಕಿಟಕಿಯ ಕಡೆಯಿಂದ ಯಾರೋ ಕಿಸಕ್ಕೆಂದರು. ಈಗ ಹೇಳುತ್ತೇನೆ, ಈಗ ಎಂದು ಹೈಮಾವತಿ ಅಂದುಕೊಂಡಳು. ಸರ್, ಅವಳಿಗೆ ಗೊತ್ತು. ಮೂರೇ ಮಾತು. ಬಾಯಿ ತೆರೆದದ್ದೂ ನಿಜ. ಅಷ್ಟರಲ್ಲಿ ಪರೀಕ್ಷಕರು ಅವಳ ಕಡೆ ತಿರುಗಿ, ‘ಟೀಚರ್, ನೀವೇ ಹೇಳ್ಬಿಡಿ’ ಎಂದರು.

ಅವಳು ಹೇಳಿದಳು. ತೆರೆದ ಬಾಯಿಂದ ಬೇರೆಯದೇ ಬಂತು. ನೀರು ಕಲ್ಲನ್ನು ಮೇಲಕ್ಕೆ ತಳ್ಳುತ್ತದೆ, ಕಲ್ಲು ನೀರನ್ನು ಅಷ್ಟೇ ಬಲದಿಂದ ಕೆಳಕ್ಕೆ ತಳ್ಳುತ್ತದೆ, ಕಲ್ಲು ಕಳೆದುಕೊಂಡ ಇನ್ನೂರು ಗ್ರಾಂ ಎಲ್ಲಿಗೂ ಹೋಗಿಲ್ಲ ಮಕ್ಕಳೇ, ಬಕೆಟ್ಟಿಗೆ ಬಂದಿದೆ. ಬೋರ್ಡಿನ ಮೇಲೆ ಎರಡು ಬಾಣ ಬರೆದಳು. ಮೊನ್ನೆ ಹೆಚ್ಚುವುದಿಲ್ಲವೆಂದು ಕೇಳಿಸಿಕೊಂಡಿದ್ದ ಮಕ್ಕಳು ಒಂದು ಮಾತೂ ಆಡದೆ, ಕಣ್ಣರಳಿಸಿ, ಹೆಚ್ಚುತ್ತದೆ ಎಂದು ಬರೆದುಕೊಂಡರು. ಅವಳು ಒಂದು ವರ್ಷದಲ್ಲಿ ಏನನ್ನೂ ಇಷ್ಟು ತಿಳಿಯಾಗಿ, ಇಷ್ಟು ಚೆನ್ನಾಗಿ ಹೇಳಿರಲಿಲ್ಲ. ‘ಭೇಷ್’ ಎಂದರು ಪರೀಕ್ಷಕರು. ನೂಕರತ್ನಂ ನಿಂತೇ ಬರೆದುಕೊಳ್ಳುತ್ತಿದ್ದಳು, ಎಡ ಅಂಗೈ ಮೇಲೆ ನೋಟುಪುಸ್ತಕ ಇಟ್ಟುಕೊಂಡು. ಗಂಟೆ ಹೊಡೆಯುವವರೆಗೂ ಅವಳಿಗೆ ಕೂರು ಎಂದು ಹೇಳುವುದು ಪರೀಕ್ಷಕರಿಗೂ ನೆನಪಾಗಲಿಲ್ಲ. ಹೈಮಾವತಿಗೆ ನೆನಪಿತ್ತು. ಪರೀಕ್ಷಕರು ನಿಲ್ಲಿಸಿದವಳನ್ನು ತಾನು ಕೂರಿಸಬಹುದೇ ಇಲ್ಲವೇ ಎಂದು ಯೋಚಿಸುವುದರಲ್ಲಿಯೇ ಹತ್ತು ನಿಮಿಷವೂ ಮುಗಿದಿತ್ತು.

ಸ್ಟಾಫ್ ರೂಮಿನಲ್ಲಿ ಪರೀಕ್ಷಕರಿಗೆ ಎಳನೀರು ತರಿಸಿದ್ದರು. ಅವಳು ಸಹಿ ಮಾಡಬೇಕಾದ ಕಾಗದಕ್ಕಾಗಿ ಮೇಜಿನ ಎದುರು ನಿಂತಿದ್ದಾಗ ಅವರು ಅವಳ ಸಮಾಜಸೇವೆಯ ವರದಿಯನ್ನು ತಿರುವುತ್ತಿದ್ದರು. ‘ನಲವತ್ತು ಗಂಟೆ ಮುಗಿದ ಮೇಲೂ ಹೋಗ್ತಿದೀಯಾ? ಇಂಥೋರು ಈಗ ಎಲ್ಲಮ್ಮಾ ಸಿಗ್ತಾರೆ!’ ಎಂದು ಜಗನ್ನಾಥಂ ಮೇಷ್ಟ್ರ ಕಡೆ ನೋಡಿದರು. ಮೇಷ್ಟ್ರು, ‘ನಮ್ಮ ಹುಡುಗಿ ಸರ್’ ಎಂದರು. ಅವರು ಒಂದು ಸಾಲಿನ ಕೆಳಗೆ ಬೆರಳಿಟ್ಟು ಗಟ್ಟಿಯಾಗಿ ಓದಿದರು: ‘ಈ ಕೇಂದ್ರದ ಮಕ್ಕಳು ತಮಗೆ ತಿಳಿಯದ್ದನ್ನು ತಿಳಿಯದು ಎಂದು ಹೇಳಲು ಹಿಂಜರಿಯುವುದಿಲ್ಲ.’ ಓದಿ, ಎಳನೀರನ್ನು ಒಂದು ಗುಟುಕು ಕುಡಿದು, ‘ಆ ಹುಡುಗಿ, ಕೈಯೆತ್ತಿ ಸಿಕ್ಕಿಬಿದ್ಲಲ್ಲ, ಅವಳೂ ಅದೇ ಪೇಟೆಯೋಳಾ?’ ಎಂದು ಕೇಳಿದರು.

‘ಹೌದು ಸರ್.’

‘ಸ್ವಲ್ಪ ಮಂದ ಅನ್ಸುತ್ತೆ. ಇರ್ಲಿ, ಮಂದ ಆಗೋದು ತಪ್ಪಲ್ಲ. ಗೊತ್ತಿಲ್ದೆ ಗೊತ್ತಿರೋ ಹಾಗೆ ತೋರಿಸ್ಕೊಳ್ಳೋ ಚಾಳಿ ಇದೆಯಲ್ಲ, ಅದನ್ನ ಬಿಡ್ಸಮ್ಮಾ. ನಿನ್ನಂಥ ಟೀಚರ್ ಕೈಲೇ ಆಗ್ಬೇಕು ಅದು.’

ಇದಕ್ಕೆ ಹೌದು ಎನ್ನುವುದು ಬೇಕಾಗಿರಲಿಲ್ಲ. ಸುಮ್ಮನಿದ್ದರೂ ನಡೆಯುತ್ತಿತ್ತು. ಆದರೂ ಅವಳು, ‘ಹೌದು ಸರ್’ ಎಂದಳು. ಎಂದು, ತೋರಿಸಿದ ಕಡೆ ಸಹಿ ಮಾಡಿದಳು. ಅವರು ಆಶೀರ್ವಾದ ಮಾಡುವವರಂತೆ ಕೈಯೆತ್ತಿ, ಟವೆಲು ಕೊಡವಿ, ಕಾದಿದ್ದ ಆಟೋ ಹತ್ತಿದರು. ಜಗನ್ನಾಥಂ ಮೇಷ್ಟ್ರು ಗೇಟಿನವರೆಗೂ ಹೋಗಿ ಬಂದು, ‘ಗೆದ್ದೆ ಕಣಮ್ಮಾ! ಹುಡುಗಿ ಒಳ್ಳೇ ಸಮಯಕ್ಕೆ ಬಾಯಿ ಮುಚ್ಕೊಂಡ್ಲು. ಅವಳಿಗೊಂದು ಚಾಕಲೇಟ್ ಕೊಡ್ಸು’ ಎಂದರು. ಅವರ ಮೇಲೆ ಬಂದ ಅಸಹ್ಯ ಅವರನ್ನು ದಾಟಿ ತನ್ನ ಮೇಲೆಯೇ ಬಂದು ಕೂತಾಗ ಹೈಮಾವತಿ ಅಲ್ಲಿಂದ ಹೊರಟಳು. ಅವಳು ವರಾಂಡದಲ್ಲಿ ನಡೆದಳು. ಯಾರಿಗೆ ಹೇಳಿದರೂ ಸರಿ, ಹೇಳಲೇಬೇಕು, ಇಂದೇ, ಈಗಲೇ ಎಂದುಕೊಳ್ಳುತ್ತ ನಡೆದಳು. ಹಾಗೆಂದುಕೊಂಡ ಕೂಡಲೇ ಮೈ ಹಗುರಾಯಿತು. ಅಳುವೂ ಬಂತು. ಅಳು ಬಂದದ್ದು ಸಮಾಧಾನವೆನ್ನಿಸಿತು.

ಅಂಗಳದ ಬೇವಿನ ಮರದ ಕೆಳಗೆ ಒಂಬತ್ತನೆಯ ತರಗತಿಯವರು ಸಾಲಾಗಿ ಕೂತು ಊಟ ಮಾಡುತ್ತಿದ್ದರು. ಅನ್ನ, ಸಾಂಬಾರು, ಇಂದು ಮೊಟ್ಟೆಯ ದಿನ. ನೂಕರತ್ನಂ ಸಾಲಿನ ಕೊನೆಯಲ್ಲಿದ್ದಳು. ಅವಳ ಎದುರಿನ ಹುಡುಗ, ‘ಏ ಜಾಣೇ, ಸಾಂಬಾರು ಬೇಕಾದ್ರೆ ಯಾವ ಕೈ ಎತ್ತಬೇಕೇ?’ ಎಂದು ಕೆಣಕುತ್ತಿದ್ದ. ಹೈಮಾವತಿ ಸಾಲಿನ ನಡುವೆ ಹೋಗಿ ನಿಂತಳು. ಮಕ್ಕಳು ತುತ್ತು ನಿಲ್ಲಿಸಿ ತಲೆಯೆತ್ತಿದರು.

‘ಕೇಳಿ ಎಲ್ಲಾರೂ. ಮೊನ್ನೆ ನಾನು ಹೇಳಿದ್ದು ತಪ್ಪು. ಬಕೆಟ್ಟಿನ ತೂಕ ಹೆಚ್ಚಲ್ಲ ಅಂತ ಹೇಳಿದ್ನಲ್ಲ, ನಂಗೆ ಆಗ ಗೊತ್ತಿರ್ಲಿಲ್ಲ. ಗೊತ್ತಿಲ್ದೆ ನೂಕರತ್ನಂನ ಕೂರ್ಸಿದೆ. ಅವಳು ಕೇಳಿದ್ದೇ ಸರಿ. ಅವಳು ತಕ್ಕಡೀಲಿ ಇಟ್ಟು ನೋಡಿದ್ಲು ಕೂಡ. ಇವತ್ತು ಅವಳು ಗೊತ್ತಿಲ್ಲ ಅಂದಿದ್ದು ನಾನು ಹೇಳಿದ್ದಕ್ಕೆ. ಕ್ಲಾಸಿನಲ್ಲಿ ಉತ್ತರ ಗೊತ್ತಿದ್ದೋಳು ಅವಳೊಬ್ಳೇ.’

ದನಿ ನಡುಗಿತು. ನಡುಗಿದ್ದು ಅವಳಿಗೇ ಚೆನ್ನಾಗಿ ಕೇಳಿಸಿತು, ಇಷ್ಟವೂ ಆಯಿತು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ಒಬ್ಬ, ಇದಕ್ಕೂ ಏನಾದರೂ ಅನ್ನಬೇಕೇನೋ ಎಂಬ ಗುಮಾನಿಯಲ್ಲಿ, ‘ಸರಿ ಟೀಚರ್’ ಎಂದ. ಉಳಿದವರೂ ‘ಸರಿ ಟೀಚರ್’ ಎಂದು ಮತ್ತೆ ಅನ್ನಕ್ಕೆ ಕೈಹಾಕಿದರು.

ನೂಕರತ್ನಂ ಮೊಟ್ಟೆಯ ಸಿಪ್ಪೆ ಸುಲಿಯುವುದನ್ನು ನಿಲ್ಲಿಸಿದ್ದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಹುಡುಕಿದರೂ ಇರಲಿಲ್ಲ. ಆಶ್ರಯದ ಹಾಲಿನಲ್ಲಿ ಲೆಕ್ಕ ಬಗೆಹರಿಯದಿದ್ದಾಗ ಕೇಳುತ್ತಾಳಲ್ಲ, ಹಾಗೆಯೇ ಹುಬ್ಬು ಗಂಟಿಕ್ಕಿ, ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದಳು:

‘ಈಗ್ಯಾಕೆ ಹೇಳ್ತಿದೀರ ಟೀಚರ್? ಅವ್ರು ಹೋದ್ರಲ್ಲ.’

ಹೈಮಾವತಿಗೆ ಈ ಪ್ರಶ್ನೆಯ ಉತ್ತರ ಗೊತ್ತಿತ್ತು.